ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ಗೆ ಡಬಲ್ ಪೆಡಲ್ ಹಾಕಿದ್ದೇನೆ, ಎಡಗಾಲಿನ ಪೆಟ್ಟು ಬೀಳುತ್ತಿಲ್ಲ. ತಪ್ಪು ಕಾಲಿನದ್ದೋ ಕಬ್ಬಿಣದ್ದೋ?

ಎಡಗಾಲು_ಬನಶಂಕರಿ
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಮೆಶ್ ಹೆಡ್ (ತೊಗಲಿನ ಬದಲು ಬಲೆಯಂಥ ಹೊದಿಕೆ) ಇರುವ ಎಲೆಕ್ಟ್ರಾನಿಕ್ ಡ್ರಮ್ ಕಿಟ್ ನುಡಿಸುತ್ತಿದ್ದೇನೆ. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಡಬಲ್ ಪೆಡಲ್ (ಎರಡೂ ಕಾಲಿನಿಂದ ಒಂದೇ ಬೇಸ್ ಡ್ರಮ್ ಹೊಡೆಯುವ ಜೋಡಿ ಪೆಡಲ್) ಒಂದು ಸಿಕ್ಕಿತು. ಬೇಸ್ ಡ್ರಮ್ಮಿನ ಜಾಗದಲ್ಲಿರುವ ನನ್ನ ಕಿಕ್ ಪ್ಯಾಡ್ ದೊಡ್ಡದೇನಲ್ಲ, ಕಂಬದ ಮೇಲೆ ನಿಲ್ಲುವ ಗುಂಡನೆಯ ಪ್ಯಾಡು, ಬಿಡಿಸಿದ ಅಂಗೈಗಿಂತ ಒಂದು ಸುತ್ತು ಅಗಲ ಅಷ್ಟೇ.

ಬಲಗಾಲು ಮೊದಲಿನ ಹಾಗೇ ಸರಿಯಾಗಿದೆ. ಎಡಗಾಲಿನಲ್ಲಿ ಹತ್ತು ಹೊಡೆದರೆ ಮೂರ್ನಾಲ್ಕು ಕೇಳಿಸುವುದೇ ಇಲ್ಲ, ಕೇಳಿಸಿದ್ದೂ ಗೋಡೆಯಾಚೆ ಯಾರೋ ಬಡಿದ ಹಾಗಿರುತ್ತದೆ. ಮಾಡ್ಯೂಲಿನಲ್ಲಿ (ಪೆಟ್ಟನ್ನು ಸದ್ದಾಗಿಸುವ ಪೆಟ್ಟಿಗೆ) ಸೆನ್ಸಿಟಿವಿಟಿ ಏರಿಸಿ ನೋಡಿದೆ. ಎಡಗಾಲು ಸ್ವಲ್ಪ ಸುಧಾರಿಸಿತು, ಆದರೆ ಬಲಗಾಲು ಮೆಲ್ಲಗೆ ಇಟ್ಟರೂ ಫುಲ್ ಸೌಂಡು. ಕಲಿಸುವವರನ್ನು ಕೇಳಿದರೆ "ಎಡಗಾಲಿಗೆ ಬಲ ಬಂದಿಲ್ಲ, ಆರು ತಿಂಗಳು ಸಾಧನೆ ಮಾಡು" ಅಂದರು. ಸಾಧನೆಗೆ ನಾನು ತಯಾರಿದ್ದೇನೆ. ಆದರೆ ತಪ್ಪು ಪೆಡಲಿನಲ್ಲಿದ್ದರೆ ಆ ಆರು ತಿಂಗಳು ತಪ್ಪನ್ನೇ ಅಭ್ಯಾಸ ಮಾಡಿದ ಹಾಗಾಗುತ್ತದಲ್ಲ ಅನ್ನುವ ಚಿಂತೆ.

ಮೆಶ್_ಮೈಸೂರು
ಸೆನ್ಸಿಟಿವಿಟಿಯ ಜೊತೆ ಥ್ರೆಶೋಲ್ಡನ್ನೂ ಇಳಿಸಿ ನೋಡಿ. ಥ್ರೆಶೋಲ್ಡ್ ಜಾಸ್ತಿ ಇದ್ದರೆ ಮೆದು ಪೆಟ್ಟನ್ನು ಮಾಡ್ಯೂಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಳೇಸ್ಪ್ರಿಂಗ್
ದಯವಿಟ್ಟು ಈಗಲೇ ಮಾಡ್ಯೂಲಿಗೆ ಕೈ ಹಾಕಬೇಡಿ. ಮಾಡ್ಯೂಲಿನ ಕಿಕ್ ಸೆಟ್ಟಿಂಗ್ ಎರಡು ಬೀಟರಿಗೂ (ಪ್ಯಾಡಿಗೆ ಬಡಿಯುವ ಸುತ್ತಿಗೆಗಳು) ಒಂದೇ. ಒಂದು ಪ್ಯಾಡು, ಒಂದು ಕೇಬಲ್ಲು, ಒಂದು ಇನ್‌ಪುಟ್ಟು. ಎಡಗಾಲಿಗೆಂದು ಏರಿಸಿದ್ದು ಬಲಗಾಲಿಗೂ ಏರುತ್ತದೆ. ನಿಮಗೆ ಆಗಿರುವುದೂ ಅದೇ.

ಮೊದಲು ಕಾಲೋ ಕಬ್ಬಿಣವೋ ತಿಳಿದುಕೊಳ್ಳಿ, ಎರಡೇ ನಿಮಿಷದ ಕೆಲಸ. ಸ್ಟೂಲನ್ನು ಎಡಕ್ಕೆ ಸರಿಸಿಕೊಂಡು ಕೂತು, ಬಲಗಾಲಿನಲ್ಲಿ ಎಡ ಪೆಡಲ್ ತುಳಿಯಿರಿ. ಇಪ್ಪತ್ತು ಸಲ, ಎಂದಿನ ಜೋರಿನಲ್ಲಿ. ಆಗಲೂ ಪೆಟ್ಟು ತಪ್ಪಿದರೆ ನಿಮ್ಮ ಎಡಗಾಲಿನ ತಪ್ಪೇನೂ ಇಲ್ಲ.

ಸಾಧ್ಯವಾದರೆ ಮಾಡ್ಯೂಲನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಜೋಡಿಸಿ, ಯಾವುದಾದರೂ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮಿಡಿ ವೆಲಾಸಿಟಿ, ಅಂದರೆ ಪೆಟ್ಟಿನ ಜೋರು, ನೋಡಿ. ಪ್ರತಿ ಪೆಟ್ಟಿಗೂ 1ರಿಂದ 127ರೊಳಗೆ ಒಂದು ಸಂಖ್ಯೆ ಬರುತ್ತದೆ. ಕಿವಿಗೆ ಮೋಸವಾದರೂ ಆ ಸಂಖ್ಯೆಗೆ ಆಗುವುದಿಲ್ಲ.

ಎಡಗಾಲು_ಬನಶಂಕರಿ
ಮಾಡಿದೆ. ಬಲಗಾಲಿನಲ್ಲಿ ಬಲ ಪೆಡಲ್: 104, 110, 107, 112... ಅದೇ ಬಲಗಾಲಿನಲ್ಲಿ ಎಡ ಪೆಡಲ್: 58, 41, 63, ಒಂದು ಬರಲೇ ಇಲ್ಲ, 49...

ನೋಡಿ ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ. ಮೂರು ವಾರದಿಂದ ಎಡಗಾಲನ್ನು ಬೈದುಕೊಳ್ಳುತ್ತಿದ್ದೆ.

ಹಳೇಸ್ಪ್ರಿಂಗ್
ಹಾಗಾದರೆ ಕಬ್ಬಿಣದ್ದೇ ತಪ್ಪು. ಈಗ ಸೀಮೆಸುಣ್ಣ ತನ್ನಿ.

ಬೀಟರುಗಳ ತಲೆಗೆ ಸೀಮೆಸುಣ್ಣ ಚೆನ್ನಾಗಿ ಸವರಿ, ಎರಡು ಪೆಡಲನ್ನೂ ನಾಲ್ಕೈದು ಸಲ ತುಳಿಯಿರಿ. ಕಪ್ಪು ಪ್ಯಾಡಿನ ಮೇಲೆ ಎರಡು ಬಿಳಿ ಗುರುತು ಬೀಳುತ್ತವೆ. ಬಿಳಿ ಮೆಶ್ ಆದರೆ ಬಣ್ಣದ ಸೀಮೆಸುಣ್ಣ ಬಳಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಫೋಟೋ ಹಾಕಿ.

ಎಡಗಾಲು_ಬನಶಂಕರಿ
ಫೋಟೋ ಅಪ್‌ಲೋಡ್ ಆಗುತ್ತಿಲ್ಲ, ಬರೆದೇ ಹೇಳುತ್ತೇನೆ. ಬಲ ಬೀಟರಿನ ಗುರುತು ಪ್ಯಾಡಿನ ನಟ್ಟನಡುವೆ, ಕುಂಕುಮ ಇಟ್ಟ ಹಾಗೆ. ಎಡ ಬೀಟರಿನದು ಅಂಚಿನ ರಬ್ಬರಿನ ಮೇಲೆ ಅರ್ಧ, ಮೆಶ್ ಮೇಲೆ ಅರ್ಧ. ರಬ್ಬರಿನ ಮೇಲೆ ಬಿದ್ದ ಭಾಗ ಅರ್ಧಚಂದ್ರದ ಹಾಗೆ ಕಾಣುತ್ತಿದೆ. ಸ್ಕೇಲಿನಲ್ಲಿ ಅಳೆದೆ. ಎರಡು ಗುರುತಿನ ನಡುವೆ ಏಳೂವರೆ ಸೆಂಟಿಮೀಟರ್.

ಹಳೇಸ್ಪ್ರಿಂಗ್
ಸಿಕ್ಕಿತಲ್ಲ. ಇದು ನಿಮ್ಮೊಬ್ಬರ ಕಥೆಯಲ್ಲ. ಸಿಂಗಲ್ ಪೆಡಲಿನಿಂದ ಡಬಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇದನ್ನೇ ಮಾಡುತ್ತೇವೆ. ಹಳೆಯ ಅಭ್ಯಾಸದಲ್ಲಿ ಬಲ ಬೀಟರನ್ನು ನಡುವಿಗೆ ಹಿಡಿದು ಕ್ಲ್ಯಾಂಪ್ ಬಿಗಿದುಬಿಡುತ್ತೇವೆ, ಎಡದ್ದಕ್ಕೆ ಉಳಿದ ಜಾಗ.

ಅಕೌಸ್ಟಿಕ್ ಬೇಸ್ ಡ್ರಮ್ಮಿನಲ್ಲಿ ಇದರಿಂದ ಅಷ್ಟೇನೂ ತೊಂದರೆಯಿಲ್ಲ. 22 ಇಂಚಿನ ತೊಗಲಿನಲ್ಲಿ ಮೂರು ಇಂಚು ಆಚೀಚೆಯಾದರೂ ಇಡೀ ತೊಗಲು ಅಲುಗುತ್ತದೆ. ಎಲೆಕ್ಟ್ರಾನಿಕ್ ಪ್ಯಾಡಿನಲ್ಲಿ ಕೆಲಸ ಮಾಡುವುದು ಒಳಗೆ ಅಂಟಿಸಿದ ಒಂದು ಪಿಯೆಜೊ ತಟ್ಟೆ. ಅಮುಕಿದರೆ, ಅಲುಗಿದರೆ ಒಂದಿಷ್ಟು ವೋಲ್ಟೇಜ್ ಕೊಡುವುದಷ್ಟೇ ಅದಕ್ಕೆ ಗೊತ್ತು. ಅದು ನಡುವಿನಲ್ಲಿದ್ದರೆ ನಡುವೆ ಬಿದ್ದ ಪೆಟ್ಟು ಅದಕ್ಕೆ ಸಿಡಿಲು, ಅಂಚಿನದು ಪಿಸುಮಾತು. ಅದರ ಮೇಲೆ ನಿಮ್ಮ ಪ್ಯಾಡು ಕಂಬದ ಮೇಲೆ ನಿಂತಿದೆ. ಅಂಚಿಗೆ ಹೊಡೆದಾಗ ಪ್ಯಾಡು ಕಂಬದ ಸುತ್ತ ಒಂಚೂರು ತಿರುಗುತ್ತದೆ, ಅರ್ಧ ಪೆಟ್ಟು ಅಲ್ಲೇ ಪೋಲು.

ಮಾಡಬೇಕಾದ್ದು ಇಷ್ಟೇ. ಕ್ಲ್ಯಾಂಪ್ ಸಡಿಲಿಸಿ ಇಡೀ ಪೆಡಲನ್ನು ಬಲಕ್ಕೆ ಸರಿಸಿ, ಎರಡೂ ಗುರುತು ನಡುವಿನಿಂದ ಸಮ ದೂರಕ್ಕೆ ಬರುವವರೆಗೆ. ನಿಮ್ಮದು ಏಳೂವರೆ ಅಂದಿರಿ, ಅಂದರೆ ಆ ಕಡೆ ಮೂರು ಮುಕ್ಕಾಲು, ಈ ಕಡೆ ಮೂರು ಮುಕ್ಕಾಲು. ನಡುವಿನಲ್ಲಿ ಯಾವ ಬೀಟರೂ ಇರಬಾರದು. ಎರಡರ ಬಲವೂ ಸ್ವಲ್ಪ ಇಳಿಯುತ್ತದೆ, ಆದರೆ ಒಂದೇ ಸಮ ಇಳಿಯುತ್ತದೆ. *ಆಮೇಲೆ* ಸೆನ್ಸಿಟಿವಿಟಿ ಏರಿಸಿದರೆ ಅದಕ್ಕೆ ಅರ್ಥ ಇರುತ್ತದೆ.

ಬೀಟರುಗಳ ಎತ್ತರವೂ ಒಂದೇ ಇರಲಿ, ಹಿಂದಕ್ಕೆ ಬಾಗಿ ನಿಲ್ಲುವ ಕೋನವೂ ಒಂದೇ ಇರಲಿ. ಪಕ್ಕದಿಂದ ಕಣ್ಣಿಟ್ಟು ನೋಡಿದರೆ ಒಂದರ ಹಿಂದೆ ಇನ್ನೊಂದು ಮರೆಯಾಗಬೇಕು.

ಹುಬ್ಳಿ_ಶಾಫ್ಟ್
ಹಳೇಸ್ಪ್ರಿಂಗ್ ಅವರು ಹೇಳಿದ್ದು ಖರೆ ಐತ್ರಿ. ನಾ ಒಂದು ಮಾತು ಸೇರಸ್ತೀನಿ, ಯಾಕಂದ್ರ ಇದು ನನ್ನ ದಿನದ ಕೆಲಸ.

ಎರಡೂ ಪೆಡಲ್ ನಡುವಿನ ಆ ಉದ್ದನ ರಾಡ್ ನೋಡ್ರಿ. ಅದರ ಎರಡೂ ತುದಿಗೆ ಒಂದೊಂದು ಯುನಿವರ್ಸಲ್ ಜಾಯಿಂಟ್ ಐತಿ. ಲಾರಿ ಕೆಳಗ ಹಣಕಿ ಹಾಕಿದ್ರ ಪ್ರೊಪೆಲ್ಲರ್ ಶಾಫ್ಟ್ ಕಾಣ್ತದಲ್ಲ, ಅದೂ ಇದೂ ಒಂದೇ ಜಾತಿ. ಈ ಜಾಯಿಂಟಿನ ಗುಣ ಏನಂದ್ರ, ಓರೆ ಆದಾಗ ಒಂದು ಕಡೆ ಒಂದೇ ವೇಗದಾಗ ತಿರುಗಿಸಿದ್ರೂ ಇನ್ನೊಂದು ಕಡೆ ವೇಗ ಏರಿಳಿತ ಆಗ್ತೈತಿ. ಓರೆ ಹೆಚ್ಚಾದಷ್ಟೂ ಏರಿಳಿತ ಹೆಚ್ಚು. ಲಾರಿಯಾಗ ಇದನ್ನ ಹೆಂಗ ಕಳೀತಾರಂದ್ರ, ಶಾಫ್ಟಿನ ಎರಡೂ ತುದಿಯ ಯೋಕ್ (ಜಾಯಿಂಟ್ ಹಿಡಿಯೋ ಕವೆ) ಒಂದೇ ಸಮತಲಕ್ಕ ಇಟ್ಟು, ಎರಡೂ ಕಡೆ ಓರೆ ಒಂದೇ ಇರೋ ಹಂಗ ಕೂಡಸ್ತಾರ. ಆಗ ಈ ಕಡೆ ಹುಟ್ಟಿದ ಏರಿಳಿತ ಆ ಕಡೆ ಕಳದುಹೋಗ್ತೈತಿ. ಯೋಕ್ ಒಂದು ಹಲ್ಲು ತಪ್ಪಿ ಕೂತ್ರ ಗಾಡಿ ನಡುಗ್ತೈತಿ.

ಸೆಕೆಂಡ್ ಹ್ಯಾಂಡ್ ಪೆಡಲ್ ಅಂದ್ರಲ್ಲ. ಯಾರೋ ಬಿಚ್ಚಿ ತಿರುಗಾ ಹಾಕಿರ್ತಾರ. ಎರಡೂ ಯೋಕ್ ಒಂದೇ ಸಮಕ್ಕ ಅದಾವೋ ಇಲ್ಲೋ ನೋಡ್ರಿ. ಸ್ಕ್ರೂ ಶಾಫ್ಟಿನ ಚಪ್ಪಟೆ ಮೈ ಮ್ಯಾಲೇ ಕೂರಬೇಕು, ದುಂಡಗಿನ ಮೈ ಮ್ಯಾಲೆ ಕೂತ್ರ ನಾಲ್ಕು ದಿನದಾಗ ಜಾರತೈತಿ. ಎಡ ಪೆಡಲನ್ನ ತೀರಾ ಮುಂದ, ತೀರಾ ಹಿಂದ ಇಡಬ್ಯಾಡ್ರಿ, ಶಾಫ್ಟ್ ಆದಷ್ಟು ನೆಟ್ಟಗ ಇರಲಿ. ಜಾಯಿಂಟಿಗೆ ಒಂದೇ ಒಂದು ಹನಿ ಎಣ್ಣಿ ಸಾಕು. ಅಡಗಿ ಎಣ್ಣಿ ಬ್ಯಾಡ, ಅಂಟಾಗ್ತೈತಿ. ಹೊಲಿಗೆ ಮಷೀನ್ ಎಣ್ಣಿ ಹಾಕ್ರಿ.

ಮೆಶ್_ಮೈಸೂರು
ಡಬಲ್ ಪೆಡಲ್ ಬಗ್ಗೆ ಇಷ್ಟು ವರ್ಷ ಓದಿದ್ದೇನೆ, ಯೋಕ್ ವಿಷಯ ಯಾರೂ ಹೇಳಿರಲಿಲ್ಲ. ಈಗಷ್ಟೇ ನನ್ನದನ್ನು ನೋಡಿದೆ, ಒಂದು ತುದಿ ತಿರುಗಿಯೇ ಕೂತಿದೆ.

ಎಡಗಾಲು_ಬನಶಂಕರಿ
ರಾತ್ರಿ ಎರಡು ಗಂಟೆ ಇದೇ ಕೆಲಸ. ಪೆಡಲ್ ಬಲಕ್ಕೆ ಸರಿಸಿದೆ, ಗುರುತುಗಳು ಈಗ ನಡುವಿನ ಎರಡೂ ಬದಿಗೆ ಸಮವಾಗಿ ಬಿದ್ದಿವೆ. ಅಂಚಿನ ರಬ್ಬರಿನಿಂದ ಒಂದು ಬೆರಳಗಲ ಈಚೆಗೆ. ಪ್ಯಾಡು ಇನ್ನೂ ಚಿಕ್ಕದಿದ್ದಿದ್ದರೆ ಸಾಧ್ಯವೇ ಇರಲಿಲ್ಲ. ಶಾಫ್ಟಿನ ಒಂದು ಸ್ಕ್ರೂ ನಿಜವಾಗಿಯೂ ದುಂಡು ಮೈ ಮೇಲೆ ಕೂತಿತ್ತು!

ಬಲ: 88, 91, 86, 90. ಎಡ: 82, 85, 79, 84. ಸೆನ್ಸಿಟಿವಿಟಿ ಎರಡು ಮೆಟ್ಟಿಲು ಏರಿಸಿದ ಮೇಲೆ ಎರಡೂ ನೂರರ ಆಸುಪಾಸು. ಹುಬ್ಳಿಯವರಿಗೆ, ಹಳೇಸ್ಪ್ರಿಂಗ್ ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಆದರೆ ಹೊಸ ತೊಂದರೆ. ಈಗ ಕೆಲವು ಸಲ ಒಂದು ಪೆಟ್ಟಿಗೆ ಎರಡು ಕೇಳಿಸುತ್ತಿದೆ. ಮುಖ್ಯವಾಗಿ ಎರಡೂ ಕಾಲು ಬೇಗ ಬೇಗ ನುಡಿಸುವಾಗ.

ಚಂಡೆ_ಮಂಗಳೂರು
ಬೀಟರನ್ನು ಪ್ಯಾಡಿಗೆ ಒತ್ತಿ ಹಿಡಿಯುವ ಅಭ್ಯಾಸ ಉಂಟಾ ನಿಮಗೆ? ನನಗೆ ಇತ್ತು ಮಾರಾಯ್ರೆ. ಒಂದು ಪೆಡಲಿನ ಕಾಲದಲ್ಲಿ ಗೊತ್ತೇ ಆಗುವುದಿಲ್ಲ. ಎರಡು ಬೀಟರು ಒಂದೇ ಪ್ಯಾಡಿಗೆ ಬೀಳುವಾಗ, ಬಲದ್ದು ಒತ್ತಿಕೊಂಡು ಕೂತಿರುತ್ತದೆ, ಎಡದ್ದು ಬಂದು ಬಡಿಯುತ್ತದೆ, ಮೆಶ್ ಪುಟಿಯುತ್ತದೆ, ಒತ್ತಿ ಕೂತ ಬೀಟರು ಅದರ ಮೇಲೆ ಕುಣಿಯುತ್ತದೆ. ಮಾಡ್ಯೂಲಿಗೆ ಅದೂ ಒಂದು ಪೆಟ್ಟೇ ಅಲ್ವಾ. ಹೊಡೆದ ಕೂಡಲೇ ಹಿಂದಕ್ಕೆ ಬಿಡಿ. ಚಂಡೆಯ ಕೋಲು ತೊಗಲಿನ ಮೇಲೆ ಕೂರುವುದಿಲ್ಲ ನೋಡಿ, ಮುಟ್ಟಿ ಏಳುತ್ತದೆ. ಹಾಗೆಯೇ.

ಮೆಶ್ ತೀರಾ ಸಡಿಲ ಇದ್ದರೂ ಹೀಗಾಗುತ್ತದೆ, ಡ್ರಮ್ ಕೀಯಲ್ಲಿ ಸುತ್ತಲೂ ಸಮವಾಗಿ ಕಾಲು ಸುತ್ತು ಬಿಗಿ ಮಾಡಿ ನೋಡಿ.

ಮೆಶ್_ಮೈಸೂರು
ಈಗ ಮಾಡ್ಯೂಲಿನ ಮಾತು ಆಡಬಹುದಾ? 😊 ಡಬಲ್ ಟ್ರಿಗರಿಂಗಿಗೆ (ಒಂದು ಪೆಟ್ಟಿಗೆ ಎರಡು ಕೇಳಿಸುವುದು) ನೋಡಬೇಕಾದ ಎರಡು ಸೆಟ್ಟಿಂಗ್ ಇವೆ, ಮಾಸ್ಕ್ ಟೈಮ್ ಮತ್ತು ರೀಟ್ರಿಗರ್ ಕ್ಯಾನ್ಸಲ್. ಕಂಪನಿಯಿಂದ ಕಂಪನಿಗೆ ಹೆಸರು ಸ್ವಲ್ಪ ಬದಲಾಗುತ್ತದೆ.

ಮಾಸ್ಕ್ ಟೈಮ್ ಅಂದರೆ ಒಂದು ಪೆಟ್ಟು ಕೇಳಿದ ಮೇಲೆ ಇಷ್ಟು ಮಿಲಿಸೆಕೆಂಡ್ ಮಾಡ್ಯೂಲ್ ಕಿವಿ ಮುಚ್ಚಿಕೊಳ್ಳುತ್ತದೆ. ಎಷ್ಟಿಡಬೇಕು ಅನ್ನುವುದು ಬರೀ ಲೆಕ್ಕ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟು) ಒಂದು ಬೀಟಿಗೆ ನಾಲ್ಕು ಪೆಟ್ಟು ಹೊಡೆದರೆ ಪೆಟ್ಟಿನಿಂದ ಪೆಟ್ಟಿಗೆ 125 ಮಿಲಿಸೆಕೆಂಡ್. 160ರಲ್ಲಿ ಸುಮಾರು 94. 200ರಲ್ಲಿ 75. ಮಾಸ್ಕ್ 60 ಇಟ್ಟರೂ ಲೆಕ್ಕದ ಪ್ರಕಾರ 200ಕ್ಕೆ ನಡೆಯಬೇಕು, ಆದರೆ ನಡೆಯುವುದಿಲ್ಲ. ಯಾಕೆಂದರೆ ಕಲಿಯುವಾಗ ಪೆಟ್ಟುಗಳ ಅಂತರ ಸಮ ಇರುವುದಿಲ್ಲ. ಎಡಗಾಲು ಒಂಚೂರು ಬೇಗ ಬಂದು 75ರ ಅಂತರ 55 ಆಯಿತು ಅನ್ನಿ, ಆ ಪೆಟ್ಟು ಪೂರ್ತಿ ನುಂಗಿಹೋಗುತ್ತದೆ. ನಿಮಗೆ ಅದು ಎಡಗಾಲು ಹೊಡೆಯಲೇ ಇಲ್ಲ ಅನ್ನುವ ಹಾಗೆ ಕೇಳಿಸುತ್ತದೆ, ಕಾಲು ಬೇಗ ಬಂತು ಅನ್ನುವುದು ಗೊತ್ತೇ ಆಗುವುದಿಲ್ಲ. ಕಲಿಕೆಗೆ ಇದಕ್ಕಿಂತ ಕೆಟ್ಟದ್ದಿಲ್ಲ. ನಾನು ಸೊನ್ನೆಯಿಂದ ಶುರು ಮಾಡಿ, ಎರಡೆರಡೇ ಏರಿಸುತ್ತಾ, ಡಬಲ್ ನಿಂತ ಜಾಗದಲ್ಲಿ ನಿಲ್ಲಿಸುತ್ತೇನೆ. ನನ್ನದು 18ಕ್ಕೆ ನಿಂತಿದೆ.

ರೀಟ್ರಿಗರ್ ಕ್ಯಾನ್ಸಲ್ ಅಂದರೆ ಒಂದು ಪೆಟ್ಟಿನ ಉಳಿದ ಅಲುಗಾಟವನ್ನು ಹೊಸ ಪೆಟ್ಟೆಂದು ಎಣಿಸದ ಹಾಗೆ ತಡೆಯುವುದು. ಅದನ್ನೂ ಹೀಗೇ, ಬೇಕಾದಷ್ಟೇ. ಜಾಸ್ತಿಯಾದರೆ ಬೇಗ ನುಡಿಸುವಾಗ ನಿಜವಾದ ಪೆಟ್ಟುಗಳೇ ಬಿಟ್ಟುಹೋಗುತ್ತವೆ.

ಜರ್ಮನಿಯಿಂದ_ಕನ್ನಡಿಗ
ನನ್ನ ಅನುಭವದ ಒಂದು ಮಾತು. ಪ್ಯಾಡು ಚಿಕ್ಕದಿದ್ದರೆ ಎಷ್ಟು ಸರಿಸಿದರೂ ಎರಡೂ ಬೀಟರು ಹಿಡಿಯುವುದಿಲ್ಲ. ಆಗ ಎರಡು ದಾರಿ.

ಮೊದಲನೆಯದು ಅಗಲದ ಪ್ಯಾಡ್. ರೋಲ್ಯಾಂಡ್ ಕೆಡಿ-10, ಯಮಾಹ ಕೆಪಿ65 ಇವುಗಳಲ್ಲಿ ಡಬಲ್ ಪೆಡಲಿಗೆ ಜಾಗ ಇದೆ. ಎರಡನೆಯದು ಎರಡು ಬೇರೆ ಬೇರೆ ಪ್ಯಾಡು. ನಾನು ಅದನ್ನು ಮಾಡಿದ್ದೇನೆ. ಎರಡನ್ನೂ ವೈ ಕೇಬಲ್ಲಿನಲ್ಲಿ ಸೇರಿಸಿ ಒಂದೇ ಇನ್‌ಪುಟ್ಟಿಗೆ ಕೊಡಬಹುದು, ಆದರೆ ಒಂದು ಪಿಯೆಜೊದ ಸಿಗ್ನಲನ್ನು ಇನ್ನೊಂದು ಹೀರಿ ಎರಡೂ ಮಂಕಾಗುತ್ತವೆ. ಮಾಡ್ಯೂಲಿನಲ್ಲಿ ಖಾಲಿ ಇನ್‌ಪುಟ್ ಇದ್ದರೆ ಎಡದ್ದನ್ನು ಅಲ್ಲಿಗೆ ಕೊಡಿ. ಅಲೆಸಿಸ್ ನೈಟ್ರೊ ಮಾಡ್ಯೂಲಿನಲ್ಲಿ ನಾಲ್ಕನೇ ಟಾಮಿನ ಇನ್‌ಪುಟ್ ಇದೆ, ರೋಲ್ಯಾಂಡ್ ಟಿಡಿ-17ರಲ್ಲಿ ಆಕ್ಸ್ ಎಂಬ ಹೆಚ್ಚುವರಿ ಇನ್‌ಪುಟ್ ಇದೆ. ಅದಕ್ಕೆ ಕಿಕ್ ಸೌಂಡ್ ಕೊಟ್ಟರಾಯಿತು.

ಇದರ ಲಾಭ ದೊಡ್ಡದು. ಎಡಗಾಲಿಗೆ ಅದರದೇ ಸೆನ್ಸಿಟಿವಿಟಿ, ಅದರದೇ ಮಾಸ್ಕ್ ಟೈಮ್. ಎಡ ಕಿಕ್ಕಿನ ಶ್ರುತಿಯನ್ನು ಕೂದಲೆಳೆಯಷ್ಟು ಇಳಿಸಿದರೆ, ವೇಗದಲ್ಲಿ ಒಂದೇ ಸ್ಯಾಂಪಲ್ ಮತ್ತೆ ಮತ್ತೆ ಬಡಿದು ಮಷೀನ್ ಗನ್ನಿನ ಹಾಗೆ ಕೇಳುವುದೂ ತಪ್ಪುತ್ತದೆ. ಜನರಲ್ ಮಿಡಿಯಲ್ಲಿ (ಸೌಂಡುಗಳಿಗೆ ಸಂಖ್ಯೆ ಗೊತ್ತುಮಾಡಿದ ಸಾಮಾನ್ಯ ಪಟ್ಟಿ) ಬೇಸ್ ಡ್ರಮ್ಮಿಗೆ 35 ಮತ್ತು 36 ಎಂದು ಎರಡು ನೋಟ್ ಇವೆ. ನಾನು ಎಡಗಾಲನ್ನು 35ಕ್ಕೆ, ಬಲಗಾಲನ್ನು 36ಕ್ಕೆ ಕಟ್ಟಿದ್ದೇನೆ. ರೆಕಾರ್ಡ್ ಮಾಡಿ ನೋಡಿದರೆ ಯಾವ ಕಾಲು ತಡವಾಯಿತು ಅಂತ ಕಣ್ಣಿಗೇ ಕಾಣುತ್ತದೆ.

ಮೂರನೇ_ಮಹಡಿ
ನನ್ನ ಪ್ರಶ್ನೆ ಬೇರೆ. ಕೆಳಗಿನ ಮನೆಯವರು ಹೇಗೆ ಸಹಿಸುತ್ತಿದ್ದಾರೆ? ನನ್ನ ಸಿಂಗಲ್ ಪೆಡಲಿಗೇ ಬಾಗಿಲು ತಟ್ಟಿದ್ದರು. ಅವರ ಮನೆಯಲ್ಲಿ ಕೂಸಿದೆ, ಅವರದೇನೂ ತಪ್ಪಿಲ್ಲ.

ಎಡಗಾಲು_ಬನಶಂಕರಿ
ನಾನೂ ಕೇಳಬೇಕೆಂದಿದ್ದೆ. ಹೆಡ್‌ಫೋನ್ ಹಾಕಿ ನುಡಿಸಿದರೂ ಕೆಳಗೆ ಧಡ್ ಧಡ್ ಕೇಳಿಸುತ್ತದಂತೆ.

ಹಳೇಸ್ಪ್ರಿಂಗ್
ಆ ಸದ್ದು ಗಾಳಿಯಲ್ಲಿ ಹೋಗುವುದಲ್ಲ, ಪೆಡಲಿನಿಂದ ನೆಲಕ್ಕೆ, ನೆಲದಿಂದ ಅವರ ಚಾವಣಿಗೆ ಇಳಿಯುವುದು. ಅದಕ್ಕೇ ದಪ್ಪ ಪರದೆ, ಗೋಡೆಗೆ ಫೋಮು ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಕಿಟ್ ನೆಲಕ್ಕೆ ಗಟ್ಟಿಯಾಗಿ ತಾಗಬಾರದು.

ನಾನು ಮಾಡಿಕೊಂಡಿರುವುದು ಟೆನಿಸ್ ಚೆಂಡಿನ ಹಲಗೆ. 18 ಎಂಎಂ ಪ್ಲೈವುಡ್ ಎರಡು, ನಡುವೆ ಚೆಂಡುಗಳು. ಚೆಂಡಿನ ಅಡ್ಡಗಲ ಆರೂವರೆ ಸೆಂಟಿಮೀಟರಿನ ಮೇಲಿರುತ್ತದೆ. ಹಲಗೆಯಲ್ಲಿ ನಾಲ್ಕೂವರೆಯ ತೂತು ಕೊರೆಸಿದರೆ ಚೆಂಡು ಸ್ವಲ್ಪ ಇಳಿದು ಕೂರುತ್ತದೆ, ಉರುಳುವುದಿಲ್ಲ. ಎರಡು ಹಲಗೆ ಒಂದಕ್ಕೊಂದು ಎಲ್ಲೂ ತಾಗಬಾರದು, ಗೋಡೆಗೂ ತಾಗಬಾರದು. ಪೆಡಲ್ ಮತ್ತು ಸ್ಟೂಲಿನ ಕೆಳಗೆ ಚೆಂಡು ಹೆಚ್ಚು ಹಾಕಿ, ಭಾರ ಬೀಳುವುದು ಅಲ್ಲೇ. ಮೇಲೆ ಕಾರ್ಪೆಟ್ಟು. ಬಡಗಿಯ ಹತ್ತಿರ ಅರ್ಧ ದಿನದ ಕೆಲಸ. ಚೆಂಡುಗಳು ವರ್ಷ ಕಳೆದ ಹಾಗೆ ಕುಗ್ಗುತ್ತವೆ, ಆಗಾಗ ಹಲಗೆ ಎತ್ತಿ ನೋಡಬೇಕು.

ಕೊಳ್ಳುವುದಾದರೆ ರೋಲ್ಯಾಂಡಿನ ಕೆಟಿ-10ರಂಥ ಬೀಟರ್ ಪ್ಯಾಡಿಗೆ ಬಡಿಯದ ಪೆಡಲುಗಳಿವೆ. ಎರಡನ್ನು ಒಂದಕ್ಕೊಂದು ಜೋಡಿಸಿ ಡಬಲ್ ಮಾಡಿಕೊಳ್ಳಬಹುದು, ಮಿಕ್ಸ್ ಇನ್ ಜಾಕ್ ಅದಕ್ಕೇ ಇರುವುದು. ಅದರಲ್ಲಿ ಶಾಫ್ಟೂ ಇಲ್ಲ, ಎಡ ಪೆಡಲ್ ಭಾರ ಅನ್ನುವ ಮಾತೂ ಇಲ್ಲ. ಆದರೆ ಕಾಲಿನ ಅನುಭವ ಬೇರೆ. ವೇದಿಕೆಯ ಮೇಲೆ ಅಕೌಸ್ಟಿಕ್ ಕಿಟ್ ನುಡಿಸುವ ಆಸೆ ಇರುವವರು ಬೀಟರಿನಲ್ಲೇ ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ.

ಮೆಶ್_ಮೈಸೂರು
ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ನೆರೆಯವರ ಜೊತೆ ಜಗಳವಾಗಿ ಕಿಟ್ ಮೂಲೆ ಸೇರಿದರೆ ಬೀಟರಿನಿಂದ ಏನು ಪ್ರಯೋಜನ? ದಿನಾ ಅರ್ಧ ಗಂಟೆ ನುಡಿಸಲು ಬಿಡುವ ಪೆಡಲೇ ಒಳ್ಳೆಯ ಪೆಡಲು.

ಹಳೇಸ್ಪ್ರಿಂಗ್
ಅದೂ ಸರಿಯೇ. ಮನೆ ನೋಡಿಕೊಂಡು ನಿರ್ಧಾರ ಮಾಡಲಿ.

ಪ್ಯಾಲೆಸ್‌ಗ್ರೌಂಡ್ಸ್_2007
ತಡವಾಗಿ ಬಂದೆ. ಮಾರ್ಚ್ 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಲ್ ತಂಡ ಐರನ್ ಮೇಡನ್, 2011ರ ಅಕ್ಟೋಬರಿನಲ್ಲಿ ಅಲ್ಲೇ ಮೆಟಾಲಿಕಾ, ಎರಡಕ್ಕೂ ನಿಂತಿದ್ದವನು ನಾನು. ಮೆಟಾಲಿಕಾದ ಡ್ರಮ್ಮರ್ ಲಾರ್ಸ್ ಉಲ್ರಿಕ್ ಎರಡು ಬೇಸ್ ಡ್ರಮ್ ಇಟ್ಟು ನುಡಿಸುವವರು. ಐರನ್ ಮೇಡನ್‌ನಲ್ಲಿ ನುಡಿಸಿದ ನಿಕೋ ಮೆಕ್‌ಬ್ರೈನ್ ಹೆಚ್ಚುಕಡಿಮೆ ಇಡೀ ಜೀವನ ಒಂದೇ ಪೆಡಲು, ಒಂದೇ ಬಲಗಾಲು. ಎರಡು ಬೇಸ್ ಡ್ರಮ್ಮಿನ ಹಾದಿ ಹಾಕಿದ ಲೂಯಿ ಬೆಲ್ಸನ್ ಅಂತೂ ಜಾಝ್‌ನವರು, 1950ರ ದಶಕದ ಆರಂಭದಲ್ಲಿ ಡ್ಯೂಕ್ ಎಲಿಂಗ್ಟನ್ ತಂಡದಲ್ಲಿ ನುಡಿಸಿದವರು. ಎಡಗಾಲು ಪಳಗುವಾಗ ಬಲಗಾಲಿನ ಒಂಟಿ ಅಭ್ಯಾಸ ಬಿಡಬೇಡಿ ಅನ್ನುವುದಕ್ಕೆ ಹೇಳಿದೆ.

ಇನ್ನೊಂದು ವಿಷಯ, ಕೂರುವುದು. ಮೊದಲು ಸ್ಟೂಲ್ ಮೇಲೆ ಕೂತು, ಕಣ್ಣು ಮುಚ್ಚಿ, ಎರಡೂ ಕಾಲು ಸಹಜವಾಗಿ ಎಲ್ಲಿ ಬೀಳುತ್ತವೋ ಅಲ್ಲಿ ಬಿಡಿ. ಪೆಡಲುಗಳು ಬರಬೇಕಾದ್ದು ಆ ಪಾದಗಳ ಕೆಳಗೆ. ಸೊಂಟ ಮಂಡಿಗಿಂತ ತುಸು ಮೇಲಿರಲಿ.

ಚಂಡೆ_ಮಂಗಳೂರು
ಅಭ್ಯಾಸಕ್ಕೆ ಒಂದು ಉಪಾಯ. ಒನ್ ಟೂ ತ್ರೀ ಫೋರ್ ಬೇಡ, ಬಾಯಲ್ಲಿ ತಕಧಿಮಿ ಹೇಳಿ. 60 ಬಿಪಿಎಂ, ಒಂದು ಬೀಟಿಗೆ ಒಂದು ತಕಧಿಮಿ, "ತ" ಎಡಗಾಲಿಗೆ. ನಾಲ್ಕು ನಿಮಿಷ. ಆಮೇಲೆ ತಕಿಟ ಹೇಳಿ. ಮೂರು ಅಕ್ಷರ, ಎರಡು ಕಾಲು, ಹಾಗಾಗಿ "ತ" ಒಮ್ಮೆ ಎಡಕ್ಕೆ ಬೀಳುತ್ತದೆ, ಮುಂದಿನ ಸಲ ಬಲಕ್ಕೆ. ಎಡಗಾಲಿನ "ತ" ಬಲಗಾಲಿನ "ತ"ದಷ್ಟೇ ಗಟ್ಟಿ ಬರುತ್ತದಾ ಅಂತ ಕೇಳಿಸಿಕೊಳ್ಳಿ. ಬಾಯಿ ಸಮ ಇದ್ದರೆ ಕಾಲು ಸಮಕ್ಕೆ ಬರುತ್ತದೆ, ನನಗೆ ಹಾಗೆಯೇ ಬಂದದ್ದು.

ಎಡಗಾಲು_ಬನಶಂಕರಿ
ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ. ಮಾಸ್ಕ್ ಟೈಮ್ 14ಕ್ಕೆ ನಿಂತಿತು. ಒತ್ತಿ ಹಿಡಿಯುವ ಚಟ ಮುಕ್ಕಾಲು ಹೋಗಿದೆ, ಸುಸ್ತಾದಾಗ ಮಾತ್ರ ವಾಪಸ್ ಬರುತ್ತದೆ. ಎಡ ಪೆಡಲ್ ಸ್ವಲ್ಪ ಭಾರ ಅನ್ನಿಸುತ್ತಿತ್ತು, ಸ್ಪ್ರಿಂಗ್ ಅರ್ಧ ಸುತ್ತು ಸಡಿಲಿಸಿದ ಮೇಲೆ ಹಗುರ. ಹಲಗೆ ಮಾಡಿಸಿ ಮೊನ್ನೆ ಭಾನುವಾರ ಕೆಳಗಿನ ಮನೆಯ ಆಂಟಿಯನ್ನೇ ಕೇಳಿಕೊಂಡೆ, ನಾನು ನುಡಿಸುತ್ತೇನೆ, ನೀವು ಕೂತು ಕೇಳಿ ಅಂತ. "ದೂರದಲ್ಲಿ ಯಾರೋ ಮಸಾಲೆ ಕುಟ್ಟಿದ ಹಾಗಿದೆ, ಸಂಜೆ ಏಳರವರೆಗೆ ಪರವಾಗಿಲ್ಲ" ಅಂದರು. ನನಗೆ ಅಷ್ಟು ಸಾಕು.

ಒಂದು ಉಳಿದಿದೆ. ಎಡಗಾಲು ಹೈ-ಹ್ಯಾಟ್ (ಎಡಗಾಲಿನಿಂದ ಮುಚ್ಚಿ ಹಿಡಿಯುವ ಜೋಡಿ ತಾಳ) ಬಿಟ್ಟು ಈ ಪೆಡಲಿಗೆ ಬಂದ ತಕ್ಷಣ ಅದು ತೆರೆದುಕೊಂಡು ಝಂಯ್ ಅನ್ನುತ್ತದೆ. ಇದಕ್ಕೇನು?

ಜರ್ಮನಿಯಿಂದ_ಕನ್ನಡಿಗ
ಅಕೌಸ್ಟಿಕ್ ಕಿಟ್ಟಿನಲ್ಲಿ ಡ್ರಾಪ್ ಕ್ಲಚ್ ಹಾಕುತ್ತಾರೆ, ಕಾಲು ತೆಗೆದರೂ ಹೈ-ಹ್ಯಾಟ್ ಮುಚ್ಚಿಯೇ ಇರಲಿ ಅಂತ. ನಿಮ್ಮಲ್ಲಿ ಎರಡನೇ ಕ್ರ್ಯಾಶ್ ಪ್ಯಾಡ್ ಇದ್ದರೆ ಅದಕ್ಕೆ ಮುಚ್ಚಿದ ಹೈ-ಹ್ಯಾಟಿನ ಸೌಂಡ್ ಕೊಟ್ಟು ಬಲಗೈಯ ಹತ್ತಿರ ತಂದುಕೊಳ್ಳಿ. ಡಬಲ್ ಬೇಸ್ ಬಂದಾಗ ಕೈ ಅಲ್ಲಿಗೆ ಹೋಗಲಿ.

ಎಡಗಾಲು_ಬನಶಂಕರಿ
ಇದೆ! ಇವತ್ತೇ ಮಾಡುತ್ತೇನೆ.

ಹೊಸಬ_ತುಮಕೂರು
ಪೂರ್ತಿ ಓದಿದೆ. ನಂದೂ ಇದೇ ಕಥೆ, ಎಡಗಾಲು ಕೇಳಿಸಲ್ಲ. ಹೊಸ ಪ್ಯಾಡ್ ತಗೊಳ್ಳಲಾ?

ಎಡಗಾಲು_ಬನಶಂಕರಿ
ಈಗಲೇ ಬೇಡ. ಮೊದಲು ಬಲಗಾಲಿನಲ್ಲಿ ಎಡ ಪೆಡಲ್ ತುಳಿದು ನೋಡಿ, ಆಮೇಲೆ ಬೀಟರಿಗೆ ಸೀಮೆಸುಣ್ಣ ಹಚ್ಚಿ. ಎರಡು ಗುರುತಿನ ನಡುವೆ ಎಷ್ಟು, ನಡುವಿನಿಂದ ಒಂದೊಂದೂ ಎಷ್ಟು ದೂರ, ಸ್ಕೇಲಿನಲ್ಲಿ ಅಳೆದು ಇಲ್ಲಿ ಬರೆಯಿರಿ. ರಾತ್ರಿ ನೋಡುತ್ತೇನೆ.